ಕಾರ್ಡು ಗೈರುಹಾಜರು

ಆಯುಧ ಪೂಜೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಯಾವುದು ಆಯುಧ, ಯಾವುದು ಅಲ್ಲ ಎಂಬ ವಿಚಾರಣೆ ಶುರುವಾಗುತ್ತದೆ. ಸ್ಕೂಟರು, ಕಾರು, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ಸ್ಕ್ರೂಡ್ರೈವರ್ ಡಬ್ಬ ಇವೆಲ್ಲ ಕಾಯಂ ಸದಸ್ಯರು. ಲ್ಯಾಪ್‌ಟಾಪಿಗೂ ಯಾವಾಗಲೋ ಪ್ರವೇಶ ಸಿಕ್ಕಿದೆ. ಬೆಂಗಳೂರಿನ ಕಂಪನಿಗಳಲ್ಲಿ ಸರ್ವರ್ ರೂಮಿನ ಮುಂದೆಯೇ ಬೂದುಗುಂಬಳಕಾಯಿ ಒಡೆಯುವಾಗ ಮನೆಯ ಲ್ಯಾಪ್‌ಟಾಪಿಗೆ ಬೇಡ ಅನ್ನುವವರಾರು? ಈ ಸಲ ಪ್ರಶ್ನೆ ಎದ್ದದ್ದು ಟಿ.ವಿ. ಸ್ಟ್ಯಾಂಡಿನ ಕೆಳಗಿನ ಕಪ್ಪು ಪೆಟ್ಟಿಗೆಯ ವಿಷಯದಲ್ಲಿ.

"ಇದು ಏನು ಮಾಡುತ್ತೆ?" ಎಂದು ಅತ್ತೆಯವರು ಕೇಳಿದರು. ಅರಿಶಿನ ಕುಂಕುಮದ ತಟ್ಟೆ ಕೈಯಲ್ಲಿತ್ತು, ಉತ್ತರ ಬೇಗ ಬೇಕಿತ್ತು.

"ಫೈರ್‌ವಾಲ್ ಅಂತಾರೆ. ಬೇಡದ್ದನ್ನ ಮನೆಯೊಳಗೆ ಬಿಡಲ್ಲ."

"ಹಾಗಾದ್ರೆ ಆಯುಧವೇ," ಎಂದು ತೀರ್ಪು ಕೊಟ್ಟು ಅದರ ನೆತ್ತಿಗೆ ಕುಂಕುಮ ಹಚ್ಚಿದರು, ಸೇವಂತಿಗೆ ಇಟ್ಟರು, ಅಕ್ಷತೆ ಹಾಕಿದರು. ಗಾಳಿಯಾಡಲೆಂದು ನೆತ್ತಿಯ ಮೇಲೆ ಸಾಲಾಗಿ ತೂತುಗಳಿವೆ. ಅಕ್ಷತೆಯ ಒಂದಿಷ್ಟು ಕಾಳು ಆ ದಾರಿಯಲ್ಲಿ ಒಳಗೆ ಇಳಿದದ್ದು ನನಗೆ ಕಾಣಿಸಿತು. ಹಬ್ಬದ ದಿನ ಯಾಕೆ ಮಾತು ಎಂದು ಸುಮ್ಮನಿದ್ದೆ.

ಪೆಟ್ಟಿಗೆ ಎಂದರೆ ಅಂಥ ದೊಡ್ಡದೇನಲ್ಲ. ಒಂದು ಆಫೀಸಿನವರು ಗುಜರಿಗೆ ಹಾಕಲು ಹೊರಟಿದ್ದ ಡೆಸ್ಕ್‌ಟಾಪ್. ಅದರಲ್ಲಿ ವಿಂಡೋಸ್ ಅಳಿಸಿ ಪಿಎಫ್‌ಸೆನ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ್ದೇನೆ. ಇದರ ಮೂಲಪುರುಷ ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕ್ಯಾಸ್ಪರ್. ಸಣ್ಣ ಸಣ್ಣ ಬೋರ್ಡುಗಳ ಮೇಲೂ ಓಡಬಲ್ಲ ಮೊನೊವಾಲ್ ಎಂಬ ಫೈರ್‌ವಾಲನ್ನು ಆತ 2003ರಲ್ಲಿ ಹೊರತಂದ. ಮರುವರ್ಷ ಅದರಿಂದ ಕವಲೊಡೆದದ್ದು ಪಿಎಫ್‌ಸೆನ್ಸ್. ಈ ಕವಲಿನಿಂದ 2015ರಲ್ಲಿ ಓಪಿಎನ್‌ಸೆನ್ಸ್ ಎಂಬ ಇನ್ನೊಂದು ಕವಲು. ಇವೆಲ್ಲ ನಿಂತಿರುವುದು ಫ್ರೀಬಿಎಸ್‌ಡಿ ಎಂಬ ಯೂನಿಕ್ಸ್ ವಂಶದ ನೆಲದ ಮೇಲೆ. ವಂಶಾವಳಿ ಗಟ್ಟಿಯಾಗಿದೆ, ಖರ್ಚೂ ಇಲ್ಲ. ಇಂಥ ಸಂಬಂಧವನ್ನು ಯಾರು ಬಿಡುತ್ತಾರೆ?

"ನಮ್ಮನೆಗೆ ಯಾರು ಬರ್ತಾರ್ರೀ ಕದಿಯೋಕೆ?" ಎಂದು ನನ್ನಾಕೆ ಮೊದಲ ದಿನವೇ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ನಮ್ಮ ಕಂಪ್ಯೂಟರಿನಲ್ಲಿ ಇರುವುದು ಗೃಹಪ್ರವೇಶದ ಫೋಟೋಗಳು ಮತ್ತು ಆದಾಯ ತೆರಿಗೆಯ ಪಿಡಿಎಫ್‌ಗಳು. ಆದರೆ ಬರುವವರಿಗೆ ಫೋಟೋ ಬೇಕಾಗಿಲ್ಲ, ಯಂತ್ರ ಬೇಕು. 2016ರಲ್ಲಿ ಮಿರಾಯ್ ಎಂಬ ಪೀಡೆ ಲೋಕದ ಬಡಪಾಯಿ ಸಿಸಿಟಿವಿ ಕ್ಯಾಮೆರಾ, ರೂಟರುಗಳಿಗೆ ನುಗ್ಗಿ ಲಕ್ಷಗಟ್ಟಲೆ ದಂಡು ಕಟ್ಟಿತ್ತು. ಅದು ಮಾಡಿದ್ದು ಬಹಳ ಸರಳ ಕೆಲಸ. ಕಾರ್ಖಾನೆಯಿಂದ ಬರುವಾಗಲೇ ಇರುವ ಅರವತ್ತು ಚಿಲ್ಲರೆ ಯೂಸರ್‌ನೇಮ್ ಪಾಸ್‌ವರ್ಡುಗಳ ಪಟ್ಟಿ ಹಿಡಿದು, ಟೆಲ್‌ನೆಟ್ ಬಾಗಿಲು ತೆರೆದಿದ್ದ ಕಡೆಯಲ್ಲೆಲ್ಲ ಒಂದೊಂದಾಗಿ ಹೇಳಿ ನೋಡುವುದು. ಆ ವರ್ಷ ಅಕ್ಟೋಬರ್ 21ರಂದು ಈ ದಂಡು ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಮಂಕಾದವು. ನನ್ನ ಪೆಟ್ಟಿಗೆಯ ಲಾಗ್ ತೆರೆದರೆ ಇವತ್ತಿಗೂ ಟೆಲ್‌ನೆಟ್ಟಿನ 23ನೇ ಪೋರ್ಟಿಗೆ ಯಾರೋ ಬಂದು ತಟ್ಟಿಹೋದ ಸಾಲುಗಳು ಸಿಗುತ್ತವೆ. ಅವನ್ನು ಓದುವುದು ನನ್ನ ಸಂಜೆಯ ಕಾಫಿಯ ಜೊತೆಗಿನ ಹವ್ಯಾಸ. ಪತ್ರಿಕೆಗಿಂತ ವಾಸಿ, ಬಂದವರೆಲ್ಲ ವಾಪಸು ಹೋದ ಸುದ್ದಿಯೇ ಇರುತ್ತದೆ.

ಫೈರ್‌ವಾಲಿಗೆ ಎರಡು ನೆಟ್‌ವರ್ಕ್ ಕಾರ್ಡು ಬೇಕು. ಒಂದು ಹೊರಗಿನ ಫೈಬರ್ ಡಬ್ಬಿಯ ಕಡೆಗೆ, ಇನ್ನೊಂದು ಮನೆಯೊಳಗಿನ ವೈಫೈ ಕಡೆಗೆ. ಒಂದೇ ಕಾರ್ಡಿನಲ್ಲಿ ಎರಡೂ ಕಡೆ ನಿಭಾಯಿಸುವ ಉಪಾಯಗಳಿವೆ, ಅದಕ್ಕೆ ಬೇರೆ ತರದ ಸ್ವಿಚ್ ಬೇಕು, ಆ ಪುರಾಣ ಇಲ್ಲಿ ಬೇಡ. ನಮ್ಮ ಮದರ್‌ಬೋರ್ಡಿನ ಮೈಯಲ್ಲೇ ಒಂದು ರಿಯಲ್‌ಟೆಕ್ ಇದೆ. ಇನ್ನೊಂದನ್ನು ಹೊರಗಿನಿಂದ ತಂದು ಸಿಕ್ಕಿಸಿದ್ದು, ಇಂಟೆಲ್ಲಿನ ಗಿಗಾಬಿಟ್ ಸಿಟಿ ಕಾರ್ಡು. ಫೈರ್‌ವಾಲ್ ಕಟ್ಟುವವರ ಪಂಗಡದಲ್ಲಿ ಇಂಟೆಲ್ ಕಾರ್ಡೆಂದರೆ ಮಡಿ, ರಿಯಲ್‌ಟೆಕ್ ಎಂದರೆ ಮೈಲಿಗೆ. ಈ ಆಚಾರಕ್ಕೆ ಮೂಲ ಹುಡುಕಿದರೆ ಬಿಲ್ ಪಾಲ್ ಎಂಬ ಪುಣ್ಯಾತ್ಮ ಸಿಗುತ್ತಾನೆ. ರಿಯಲ್‌ಟೆಕ್ 8139 ಎಂಬ ಅಗ್ಗದ ಚಿಪ್ಪಿಗೆ ಫ್ರೀಬಿಎಸ್‌ಡಿ ಡ್ರೈವರ್ ಬರೆದವನು ಅವನು. ಬರೆಯುವಾಗ ರೋಸಿಹೋಗಿ, ಕಳಪೆ ಎಂಬುದರ ವ್ಯಾಖ್ಯಾನವನ್ನೇ ಇದು ತಿದ್ದಿ ಬರೆದಿದೆ ಎಂಬರ್ಥದ ಟಿಪ್ಪಣಿಯನ್ನು ಕೋಡಿನೊಳಗೇ ಸೇರಿಸಿಬಿಟ್ಟ. ಆ ಚಿಪ್ಪಿನ ಕಾಲ ಮುಗಿದು, ಹೊಸವು ಬಂದು, ಅವು ತಕ್ಕಮಟ್ಟಿಗೆ ಚೆನ್ನಾಗಿಯೇ ಓಡುತ್ತಿವೆ. ಆದರೂ ಬೈಗುಳಕ್ಕಿರುವ ಆಯುಷ್ಯ ಚಿಪ್ಪಿಗೆಲ್ಲಿ?

ಯಾವ ಯಂತ್ರ ಕೆಟ್ಟರೂ ಪತ್ತೆದಾರಿಯ ಮೊದಲ ಸೂತ್ರ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಏನಾಯಿತು ನೋಡು, ಆಮೇಲೆ ಮುಂದಿನದು. ಲ್ಯಾಬಿನಲ್ಲಿ ಇದು ನಡೆಯುತ್ತದೆ. ಸಂಸಾರಸ್ಥರ ಮನೆಯಲ್ಲಿ, ಅದರಲ್ಲೂ ನವರಾತ್ರಿಯಲ್ಲಿ, ಒಂದೊಂದೇ ಬದಲಾಗುವ ಪದ್ಧತಿ ಇಲ್ಲ. ಆಯುಧ ಪೂಜೆಯ ಬೆಳಗ್ಗೆ ನನ್ನಾಕೆ ಪೆಟ್ಟಿಗೆಯನ್ನು ಹೊರಗೆಳೆದು, ಬ್ಲೋವರ್ ಹಿಡಿದು ಧೂಳು ಹೊಡೆದಳು. ಹಬ್ಬಕ್ಕೆ ಬಂದಿದ್ದ ಭಾಮೈದ, "ಭಾವ, ಇನ್ನೂ ಹಾರ್ಡ್ ಡಿಸ್ಕಾ?" ಎಂದು ಮರುಕದಿಂದ ನೋಡಿ, ತಾನು ತಂದಿದ್ದ ಎಂ.2 ಎಸ್‌ಎಸ್‌ಡಿಯನ್ನು ಬೋರ್ಡಿಗೆ ಮಲಗಿಸಿ, ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಇಳಿಸಿ, "ಉಡುಗೊರೆ" ಎಂದ. ಅತ್ತೆಯವರ ಅಕ್ಷತೆ ಆಗಲೇ ಹೇಳಿದೆನಲ್ಲ. ಮಂಗಳಾರತಿ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹೋದದ್ದು ಬಂತು, ಬಂದದ್ದು ಮತ್ತೆ ಹೋಯಿತು, ಆಮೇಲೆ ಟ್ಯೂಬ್‌ಲೈಟು ಹೆದರುವಷ್ಟು ಜೋರಾಗಿ ಬಂತು. ಅಂದರೆ ಗುಮಾನಿಗೆ ಒಳಗಾಗಬೇಕಾದವರೆಲ್ಲರೂ ಮಧ್ಯಾಹ್ನದ ಊಟದೊಳಗೆ ಸ್ಥಳಕ್ಕೆ ಭೇಟಿ ಕೊಟ್ಟು ಹೋಗಿದ್ದರು.

ಹೋಳಿಗೆ ಊಟವಾಗಿ ಎಲ್ಲರೂ ಮೊಬೈಲ್ ತೆಗೆದಾಗ ಇಂಟರ್ನೆಟ್ಟಿಲ್ಲ.

ಪೆಟ್ಟಿಗೆಗೆ ಮಾನಿಟರ್ ಇಲ್ಲ. ಏನಾಗಿದೆ ಎಂದು ಕೇಳಬೇಕಾದರೆ ಟಿ.ವಿ.ಗೇ ಎಚ್‌ಡಿಎಂಐ ತಂತಿ ಸಿಕ್ಕಿಸಬೇಕು. ಸಿಕ್ಕಿಸಿದೆ. ಮೈಸೂರು ಅರಮನೆಯ ಖಾಸಗಿ ದರ್ಬಾರು ಮತ್ತೆ ತೋರಿಸುತ್ತಾರೆಂದು ಕಾದಿದ್ದವರ ಮುಂದೆ ನಲವತ್ತಮೂರು ಇಂಚಿನ ಕಪ್ಪು ಪರದೆಯ ಮೇಲೆ ಬಿಳೀ ಅಕ್ಷರಗಳು ಸರಸರ ಮೇಲೇರಿದವು. ಕೊನೆಗೆ ನಿಂತದ್ದು ಒಂದು ದೂರಿನ ಹತ್ತಿರ. ಅದರ ತಾತ್ಪರ್ಯ ಇಷ್ಟು: ನಿನ್ನ ಬರಹದಲ್ಲಿ ಇಎಂ0 ಎಂಬ ಇಂಟೆಲ್ ಕಾರ್ಡಿನ ಹೆಸರಿದೆ, ಇಲ್ಲಿ ಅಂಥದ್ದು ಯಾವುದೂ ಇಲ್ಲ, ಯಾವ ಕಾರ್ಡು ಯಾವ ಕೆಲಸಕ್ಕೆ ಎಂದು ಮೊದಲಿನಿಂದ ಹೇಳು. ಪಿಎಫ್‌ಸೆನ್ಸ್ ಈ ವಿಷಯದಲ್ಲಿ ಹಟಮಾರಿ. ಒಂದು ಕಾರ್ಡು ಕಾಣೆಯಾದರೆ ಉಳಿದದ್ದರಲ್ಲಿ ಹೇಗೋ ಸುಧಾರಿಸಿಕೊಂಡು ಹೋಗೋಣ ಎನ್ನುವುದಿಲ್ಲ, ಬಾಗಿಲಲ್ಲೇ ಕೂತುಬಿಡುತ್ತದೆ. ಕಾವಲಿಗಿಟ್ಟ ಸಾಮಾನು ಹಾಗಿರುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ, ಸುತ್ತ ನಿಂತಿದ್ದವರ ಅಭಿಪ್ರಾಯ ಬೇರೆ ಇತ್ತು.

ಕಂಪ್ಯೂಟರು ಕಾರ್ಡನ್ನು ಹೇಗೆ ಕಂಡುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಪ್ರತಿಸಲ ಎದ್ದ ಕೂಡಲೇ ಅದು ಹಳೇ ಕಾಲದ ಮೇಷ್ಟರು ಹಾಜರಿ ಪುಸ್ತಕ ಹಿಡಿಯುವ ರೀತಿಯಲ್ಲಿ ತನ್ನ ಪಿಸಿಐ ಬಸ್ಸುಗಳನ್ನೆಲ್ಲ ಕರೆಯುತ್ತಾ ಹೋಗುತ್ತದೆ. ಒಂದೊಂದು ಬಸ್ಸಿನಲ್ಲಿ 32 ಜಾಗ, ಒಂದೊಂದು ಜಾಗದಲ್ಲಿ 8 ಮಂದಿಯವರೆಗೆ. ಇದ್ದವರು ತಮ್ಮ ಮನೆತನದ ನಂಬರ್ ಹೇಳಬೇಕು. ಇಂಟೆಲ್ಲಿನವರದು 8086. ಅವರ ಹೆಸರನ್ನು ಲೋಕಕ್ಕೆಲ್ಲ ಸಾರಿದ 1978ರ ಪ್ರಾಸೆಸರಿನ ನಂಬರನ್ನೇ ಮನೆತನಕ್ಕೂ ಇಟ್ಟುಕೊಂಡಿದ್ದಾರೆ. ರಿಯಲ್‌ಟೆಕ್ಕಿನವರದು 10ಇಸಿ. ಮನೆತನವಾದ ಮೇಲೆ ಸ್ವಂತ ನಂಬರ್, ನನ್ನ ಕಾರ್ಡಿನದು 10ಡಿ3. ಉತ್ತರ ಬಾರದ ಜಾಗಕ್ಕೆ ಯಂತ್ರದ ತಂತಿಗಳಲ್ಲೆಲ್ಲ ಒಂದುಗಳೇ ತುಂಬಿಕೊಂಡು ಎಫ್‌ಎಫ್‌ಎಫ್‌ಎಫ್ ಎಂದು ಬರುತ್ತದೆ, ಅದೇ ಗೈರುಹಾಜರಿ. ಹುಡುಗನಿಗೆ ಜ್ವರವೋ, ಊರಿಗೆ ಹೋಗಿದ್ದಾನೋ, ಶಾಲೆಯ ಹಿಂದಿನ ತೋಪಿನಲ್ಲಿ ಮಾವಿನಕಾಯಿ ಬೀಳಿಸುತ್ತಿದ್ದಾನೋ ಮೇಷ್ಟರ ಪುಸ್ತಕಕ್ಕೆ ಬೇಕಿಲ್ಲ. ಕಾರ್ಡು ಸತ್ತಿದ್ದರೂ ಅದೇ ಗುರುತು, ಸರಿಯಾಗಿ ಕೂರದಿದ್ದರೂ ಅದೇ, ಸ್ಲಾಟನ್ನೇ ಬಯಾಸ್‌ನಲ್ಲಿ ಮುಚ್ಚಿದ್ದರೂ ಅದೇ.

ಇಲ್ಲೊಂದು ಸೂಕ್ಷ್ಮವಿದೆ, ಇಂಥ ರಗಳೆಯಲ್ಲಿ ಬಿದ್ದವರಿಗೆ ಉಪಯೋಗಕ್ಕೆ ಬರುತ್ತದೆ. ಕಾರ್ಡು ನಂಬರ್ ಹೇಳಿಯೂ ಕೆಲಸ ಮಾಡದಿದ್ದರೆ ಸಾಮಾನ್ಯವಾಗಿ ತಪ್ಪು ಡ್ರೈವರಿನದು. ಬೇರೆ ಡ್ರೈವರ್ ಹುಡುಕಬೇಕು. ನಂಬರನ್ನೇ ಹೇಳದಿದ್ದರೆ ಡ್ರೈವರ್ ಹುಡುಕಿ ಫಲವಿಲ್ಲ. ಎಷ್ಟೋ ಜನ ಈ ವ್ಯತ್ಯಾಸ ನೋಡದೆ ರಾತ್ರಿಯಿಡೀ ಡ್ರೈವರ್ ಇಳಿಸಿಕೊಳ್ಳುತ್ತಿರುತ್ತಾರೆ. ಪಿಸಿಐಕಾನ್ಫ್ ಎಂಬ ಆಜ್ಞೆ ಕೊಟ್ಟು ಟಿ.ವಿ. ತುಂಬ ಪಟ್ಟಿ ತರಿಸಿದೆ. 8086ರ ಮನೆತನದವರು ಸಾಲುಸಾಲಾಗಿ ಬಂದರು, ಬೋರ್ಡಿನ ಅರ್ಧ ಅವರದೇ. 10ಇಸಿ ಒಬ್ಬ ಬಂದ. 10ಡಿ3 ಮಾತ್ರ ಎಲ್ಲೂ ಇಲ್ಲ. "ಇದು ಯಾವ ಭಾಷೆ?" ಎಂದು ಅತ್ತೆಯವರು ಕೇಳಿದರು. "ಹಾಜರಿ ಪಟ್ಟಿ," ಎಂದೆ. "ಯಾರು ಬಂದಿಲ್ಲ?" ಎಂದರು. ಇಷ್ಟು ಚೊಕ್ಕವಾದ ಪ್ರಶ್ನೆಯನ್ನು ಕಂಪ್ಯೂಟರ್ ಕಲಿತವರೂ ಕೇಳಿದ್ದು ಕಡಿಮೆ.

ಮೊದಲ ಆರೋಪಿ ಅಕ್ಷತೆ. ಮುಚ್ಚಳ ತೆಗೆದರೆ ಅರಿಶಿನದ ಕಾಳುಗಳು ಕ್ಯಾಬಿನೆಟ್ಟಿನ ತಳದಲ್ಲಿ ಶಾಂತವಾಗಿ ಮಲಗಿದ್ದವು. ಒಂದು ಮಾತ್ರ ಪವರ್ ಸಪ್ಲೈನ ಫ್ಯಾನಿನ ಜಾಲರಿಗೆ ಸಿಕ್ಕಿಕೊಂಡಿತ್ತು. ಸ್ಲಾಟಿಗೆ ಟಾರ್ಚ್ ಹಾಕಿ ನೋಡಿದೆ, ಒಂದು ನುಚ್ಚೂ ಇಲ್ಲ. ಒಣಗಿದ ಅಕ್ಕಿಗೆ ವಿದ್ಯುತ್ ಹರಿಸುವ ಅಭ್ಯಾಸವೂ ಇಲ್ಲ. ಇದನ್ನು ನಾನು ಗಟ್ಟಿಯಾಗಿ, ಅಡುಗೆಮನೆಗೆ ಕೇಳಿಸುವಂತೆ ಘೋಷಿಸಿದೆ.

ಆಮೇಲೆ ಬಂದ ತಜ್ಞರು ಎದುರುಮನೆಯವರು. ಐಟಿಐನಲ್ಲಿ ದುಡಿದು ನಿವೃತ್ತರಾದ ಹಿರಿಯರು. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು, ಎಕ್ಸ್‌ಚೇಂಜು ಮಾಡಿಕೊಟ್ಟದ್ದು. ಅವರ ಯೌವನವೆಲ್ಲ ಸ್ಟ್ರೌಜರ್ ಎಕ್ಸ್‌ಚೇಂಜಿನ ಕಟಕಟ ಸದ್ದಿನ ನಡುವೆ ಕಳೆದಿದೆ. ಅಲ್ಲಿ ಪ್ರತಿ ಕರೆಗೂ ಲೋಹದ ನಾಲಿಗೆಗಳು ಎದ್ದು, ತಿರುಗಿ, ಇನ್ನೊಂದು ಲೋಹಕ್ಕೆ ತಾಗಬೇಕಿತ್ತು. ತಾಗದಿದ್ದರೆ ಕರೆ ಇಲ್ಲ. ಹಾಗಾಗಿ ಅವರ ನಿಘಂಟಿನಲ್ಲಿ ಲೋಕದ ಸಕಲ ಕಾಯಿಲೆಗೂ ಒಂದೇ ಹೆಸರು.

"ಕಾಂಟ್ಯಾಕ್ಟ್ ಹೋಗಿದೆ ಕಣ್ರೀ," ಎಂದರು, ಚಪ್ಪಲಿ ಬಿಡುವ ಮೊದಲೇ. "ಮಕ್ಕಳ ರಬ್ಬರ್ ತನ್ನಿ."

ರಬ್ಬರಿನ ವೈದ್ಯ ನಮ್ಮಲ್ಲಿ ಬಹಳ ಹಳೆಯದು. ರ‍್ಯಾಮ್ ಕೆಲಸ ಮಾಡದಿದ್ದರೆ, ಗ್ರಾಫಿಕ್ಸ್ ಕಾರ್ಡು ಮುನಿಸಿಕೊಂಡರೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಳದಿ ಹಲ್ಲುಗಳನ್ನು ಉಜ್ಜಿ ಮತ್ತೆ ಹಾಕುವುದು. ಎಷ್ಟೋ ಸಲ ಗುಣವಾಗುತ್ತದೆ ಕೂಡ. ಗುಣವಾಗುವುದು ಉಜ್ಜಿದ್ದರಿಂದಲೋ, ಕಿತ್ತು ಮತ್ತೆ ಒತ್ತಿ ಕೂರಿಸಿದ್ದರಿಂದಲೋ ಎಂಬುದು ಚರ್ಚಾಸ್ಪದ. ಸ್ಟ್ರೌಜರಿನ ಕಾಂಟ್ಯಾಕ್ಟುಗಳು ಕಿಡಿ ಹಾರಿ, ಗಾಳಿಗೆ ಕಪ್ಪಾಗಿ ಕೆಡುತ್ತಿದ್ದವು. ಕಾರ್ಡಿನ ಹಲ್ಲಿಗೆ ಇರುವುದು ಚಿನ್ನದ ಲೇಪ. ಚಿನ್ನ ತುಕ್ಕು ಹಿಡಿಯುವುದಿಲ್ಲ. ಆದರೆ ಲೇಪದ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಭಕ್ತಿಯಿಂದ ತಿಕ್ಕಿದರೆ ಚಿನ್ನ ರಬ್ಬರಿಗೆ ಬಂದು ತಾಮ್ರ ನಮಗೆ ಉಳಿಯುತ್ತದೆ. ಈ ವಾದವನ್ನೆಲ್ಲ ಅವರ ಮುಂದೆ ಮಂಡಿಸುವ ಧೈರ್ಯ ನನಗಿರಲಿಲ್ಲ. ಅವರು ಕಾರ್ಡನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಒಂದು ಬದಿಗೆ 18, ಇನ್ನೊಂದು ಬದಿಗೆ 18 ಹಲ್ಲುಗಳನ್ನು ಒಂದೊಂದಾಗಿ ಸವರುವಂತೆ ಉಜ್ಜಿದರು. ಆ ಕೈ ಅಷ್ಟು ಹಗುರ. ಉಜ್ಜುತ್ತಲೇ 1986ರಲ್ಲಿ ಕಿತ್ತೂರಿಗೆ ಬಂದ ಸಿ-ಡಾಟ್ ಎಕ್ಸ್‌ಚೇಂಜಿನ ಕಥೆ ಹೇಳಿದರು. 128 ಲೈನಿನದು, ಎ.ಸಿ. ಬೇಕಾಗಿಲ್ಲ, ಧೂಳು, ಬಿಸಿಲು, ಕೈಕೊಡುವ ಕರೆಂಟು ಎಲ್ಲವನ್ನೂ ತಡೆಯುವಂತೆ ಮಾಡಿದ್ದು. ಅದಕ್ಕೂ ಮುಂಚೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜೆಂದರೆ ಹವಾನಿಯಂತ್ರಿತ ಕೋಣೆ, ಚಪ್ಪಲಿ ಹೊರಗೆ ಬಿಡುವ ಮಡಿ. ಹಳ್ಳಿಯಲ್ಲಿ ನಿಂತುಕೊಳ್ಳುವ ಯಂತ್ರ ಬೇಕೆಂದು ನಮ್ಮವರೇ ಕೂತು ಮಾಡಿದ್ದು ಅದು ಎಂದರು. ದನಿಯಲ್ಲಿ ಹೆಮ್ಮೆಯಿತ್ತು, ಇರಬೇಕಾದದ್ದೇ.

ಕಾರ್ಡು ಒಳಗೆ ಹೋಯಿತು. ತಂತಿ ಸಿಕ್ಕಿಸಿದೆವು. ಕಾರ್ಡಿನ ಬೆನ್ನಿನಲ್ಲಿ ಹಸಿರು ದೀಪ ಹೊತ್ತಿತು.

"ನೋಡಿದ್ರಾ?" ಎಂದರು.

ಟಿ.ವಿ. ಮಾತ್ರ ಇಎಂ0 ಇಲ್ಲ ಎಂಬ ಹಳೇ ದೂರನ್ನೇ ತೋರಿಸಿತು. ಅವರು ದೀಪದ ಕಡೆ, ಟಿ.ವಿ. ಕಡೆ, ನನ್ನ ಕಡೆ ನೋಡಿ, "ಇದು ಸಾಫ್ಟ್‌ವೇರ್ ಪ್ರಾಬ್ಲಮ್ಮು," ಎಂದು ಚಪ್ಪಲಿ ಮೆಟ್ಟಿಕೊಂಡರು. ಹಾರ್ಡ್‌ವೇರಿನವರು ಸಾಫ್ಟ್‌ವೇರನ್ನೂ, ಸಾಫ್ಟ್‌ವೇರಿನವರು ಹಾರ್ಡ್‌ವೇರನ್ನೂ ತೋರಿಸುವುದು ಕಸುಬಿನ ಧರ್ಮ.

ಆದರೆ ಆ ದೀಪ ನನ್ನನ್ನು ಯೋಚನೆಗೆ ಹಚ್ಚಿತು. ದೀಪ ಉರಿಯುತ್ತಿದೆ ಎಂದರೆ ಸ್ಲಾಟಿನಿಂದ ಕರೆಂಟು ಬರುತ್ತಿದೆ, ಕಾರ್ಡಿನ ಒಂದು ಭಾಗ ಆಚೆಯ ಡಬ್ಬಿಯೊಡನೆ ಮಾತಾಡುತ್ತಿದೆ. ಕಾರ್ಡು ಬದುಕಿದೆ. ಕೂಗಿದಾಗ ಓಗೊಡುತ್ತಿಲ್ಲ, ಅಷ್ಟೇ. ಮಗನ ಕಂಪ್ಯೂಟರಿಗೆ ಹಾಕಿದರೆ ತಕ್ಷಣ 8086, 10ಡಿ3 ಎಂದು ಹಾಜರಿ ಹೇಳಿ ಕೂತಿತು. ಅವನ ಆಟ ನಿಲ್ಲಿಸಿದ್ದಕ್ಕೆ ಅವನು ಕೊಟ್ಟ ನೋಟವನ್ನು ಬಿಟ್ಟರೆ ಎಲ್ಲ ಸುಗಮ. ಕಾರ್ಡು ನಿರಪರಾಧಿ ಎಂದಾಯಿತು. ಬಯಾಸ್ ಹೊಕ್ಕು ನೋಡಿದೆ, ಸ್ಲಾಟನ್ನು ಯಾರೂ ಮುಚ್ಚಿಲ್ಲ. ಉಳಿದದ್ದು ಜೋರಾಗಿ ಬಂದ ಕರೆಂಟು: ಬೋರ್ಡಿನ ಆ ಸ್ಲಾಟೇ ಸುಟ್ಟಿರಬೇಕು ಎಂಬ ಅನುಮಾನ ಮನೆಯವರೆಲ್ಲರ ಒಮ್ಮತ ಗಳಿಸಿತು. ಕರೆಂಟಿನ ಮೇಲೆ ಹಾಕಿದರೆ ಯಾರ ಮನಸ್ಸೂ ನೋಯುವುದಿಲ್ಲ.

ಇತ್ತ ಮನೆ ಎಷ್ಟು ಹೊತ್ತು ಕಾಯುತ್ತದೆ? "ಆ ಪೆಟ್ಟಿಗೆ ಬಿಟ್ಟು ತಂತಿ ನೇರವಾಗಿ ವೈಫೈಗೇ ಸಿಕ್ಕಿಸಿ ಅಂದ್ರೆ ಆಗಲ್ವೇನ್ರೀ?" ಎಂದು ನನ್ನಾಕೆ ಕೇಳಿದಳು. ಆಗುತ್ತದೆ. ಆಗುವುದೇ ಕಷ್ಟ. ನಾನು ಮಿರಾಯ್ ಎಂದು ಬಾಯಿ ತೆರೆಯುವಷ್ಟರಲ್ಲಿ ಮಗ ಸಿಕ್ಕಿಸಿಯೇ ಬಿಟ್ಟಿದ್ದ. ಮನೆ ಜೀವ ತಳೆಯಿತು. ಯಾವ ಹಿಂಡೂ ನುಗ್ಗಲಿಲ್ಲ, ಯಾವ ಕ್ಯಾಮೆರಾವೂ ದಂಡಿಗೆ ಸೇರಲಿಲ್ಲ. ಹೊರಗಿನಿಂದ ತಾನಾಗಿ ಬರುವವರನ್ನು ತಡೆಯುವಷ್ಟು ಬುದ್ಧಿ ಅಂಗಡಿಯ ಮಾಮೂಲಿ ರೂಟರಿಗೂ ಇರುತ್ತದೆ, ಆ ಗುಟ್ಟನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಅದಕ್ಕಿಂತ ಅಪಾಯದ ಬೆಳವಣಿಗೆ ದೇವರಮನೆಯ ಕಡೆಯಿಂದ ಬಂತು. "ಅಳಿಯಂದ್ರೇ, ಪಂಚಾಂಗದ ಆಪ್ ತೆಗೀತಿದೆ! ಎಷ್ಟು ತಿಂಗಳಾಗಿತ್ತು!" ಎಂದು ಅತ್ತೆಯವರು ಮೊಬೈಲು ಹಿಡಿದು ಬಂದರು. ನನ್ನ ಪೆಟ್ಟಿಗೆ ಜಾಹೀರಾತು ಕಳಿಸುವ ಸರ್ವರುಗಳ ಹೆಸರುಗಳನ್ನೆಲ್ಲ ನುಂಗಿಹಾಕುತ್ತದೆ. ಆ ಆಪಿನವರು ಮೊದಲು ಜಾಹೀರಾತು ಬಂದರೆ ಮಾತ್ರ ತಿಥಿ ತೋರಿಸುತ್ತಾರೆ. ಪೆಟ್ಟಿಗೆ ಕೆಟ್ಟಿದ್ದರಿಂದ ತಿಥಿ ಬಂದಿತ್ತು. ಮನೆಯಲ್ಲಿ ಜನಾಭಿಪ್ರಾಯ ಯಾವ ಕಡೆ ವಾಲುತ್ತಿದೆ ಎಂದು ನನಗೆ ಅರ್ಥವಾಯಿತು. ರಿಪೇರಿ ಬೇಗ ಆಗದಿದ್ದರೆ ಪೆಟ್ಟಿಗೆ ಅಟ್ಟಕ್ಕೆ ಹೋಗುವುದು ಖಂಡಿತ.

ಶನಿವಾರ ಎಸ್.ಪಿ. ರೋಡಿಗೆ ಹೋದೆ. ಟೌನ್‌ಹಾಲಿನ ಹತ್ತಿರ, ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಗೆ ಹೋಗದೆ ಬೆಂಗಳೂರಿನಲ್ಲಿ ಎಂಜಿನಿಯರಾದವರಿಲ್ಲ. ರೆಸಿಸ್ಟರಿನಿಂದ ಸರ್ವರಿನವರೆಗೆ ಏನು ಕೇಳಿದರೂ ಅಂಗಡಿಯವರು ಇಲ್ಲ ಎನ್ನುವುದಿಲ್ಲ. "ಎರಡು ನಿಮಿಷ ಕೂತ್ಕೊಳ್ಳಿ ಸಾರ್" ಎಂದು ಸ್ಟೂಲು ಕೊಟ್ಟು ಹುಡುಗನೊಬ್ಬನನ್ನು ಸಂದಿಯೊಳಗೆ ಓಡಿಸುತ್ತಾರೆ, ಅವನು ಯಾವುದೋ ಮಹಡಿಯಿಂದ ಅದನ್ನು ಹಿಡಿದು ಬರುತ್ತಾನೆ. ನನ್ನ ಉದ್ದೇಶ ಹಳೇ ಮದರ್‌ಬೋರ್ಡು ಒಂದನ್ನು ವಿಚಾರಿಸುವುದು, ಜೊತೆಗೆ ಇರಲಿ ಎಂದು ಇನ್ನೊಂದು ಇಂಟೆಲ್ ಕಾರ್ಡು.

"ಒರಿಜಿನಲ್ ಬೇಕಾ ಸಾರ್, ಕಂಪನಿದು ಬೇಕಾ?" ಎಂದರು ಗಲ್ಲಾದಲ್ಲಿ ಕೂತಿದ್ದವರು.

ಈ ಎರಡರ ನಡುವಿನ ಭೇದ ಎಸ್.ಪಿ. ರೋಡಿನ ಹೊರಗೆ ಯಾವ ಶಾಸ್ತ್ರದಲ್ಲೂ ಇಲ್ಲ. ಕೇಳಿದೆ. "ಕಂಪನಿದು ಅಂದ್ರೆ ಹೊಸ ಬಾಕ್ಸಲ್ಲಿ ಬರತ್ತೆ. ಒರಿಜಿನಲ್ ಅಂದ್ರೆ ಸರ್ವರಿಂದ ಬಿಚ್ಚಿರೋದು," ಎಂದರು. ಯೋಚಿಸಿದರೆ ಇದರಲ್ಲಿ ವಿವೇಕವಿದೆ. ನಕಲಿ ಇಂಟೆಲ್ ಕಾರ್ಡುಗಳು ಹೊಸ ಡಬ್ಬಿಯಲ್ಲಿ, ಹೊಳೆಯುವ ಚೀಟಿ ಹಚ್ಚಿಕೊಂಡು ಲೋಕದ ತುಂಬ ಓಡಾಡುತ್ತಿವೆ. ದೊಡ್ಡ ಕಂಪನಿಯ ಸರ್ವರಿನಲ್ಲಿ ವರ್ಷಗಟ್ಟಲೆ ದುಡಿದು, ಮೈಯೆಲ್ಲ ಧೂಳಾಗಿ ಬಂದದ್ದು ಅಸಲಿ ಎಂದು ನಂಬಬಹುದು. ಕಾರ್ಡಿನ ಮೇಲಿನ ಹನ್ನೆರಡಂಕಿಯ ಮ್ಯಾಕ್ ವಿಳಾಸದಲ್ಲಿ ಮೊದಲ ಆರಂಕಿ ತಯಾರಕರ ಗುರುತು. ನನ್ನದರಲ್ಲಿ 001ಬಿ21, ಇಂಟೆಲ್ಲಿಗೆ ಕೊಟ್ಟಿರುವ ಅಂಕಿಗಳಲ್ಲೊಂದು. ಆದರೆ ಅಂಕಿ ಅಚ್ಚು ಹಾಕಲು ನಕಲಿಯವರಿಗೇನು ಕಷ್ಟ? "ವಾರಂಟಿ?" ಎಂದೆ. "ಟೆಸ್ಟಿಂಗ್ ವಾರಂಟಿ ಸಾರ್." ಅಂದರೆ ಅವರ ಅಂಗಡಿಯಲ್ಲಿ ಓಡಿತು ಎಂದು ತೋರಿಸುವವರೆಗೆ ಮಾತ್ರ.

ಪಕ್ಕದಲ್ಲಿ ನೆಲದ ಮೇಲೆ ಕೂತು ಯಾವುದೋ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿಕೊಂಡಿದ್ದ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ನನ್ನ ಕಥೆಯನ್ನು ಕಿವಿಗೆ ಹಾಕಿಕೊಂಡಿದ್ದ. ತಲೆ ಎತ್ತದೆ ಕೇಳಿದ:

"ಎಂ.2 ಹಾಕಿದೀರಾ ಸಾರ್?"

"ಹಾಕಿದೆ."

"ಸಾಟಾನಾ, ಎನ್‌ವಿಎಂಇನಾ?"

"ಎನ್‌ವಿಎಂಇ ಇರಬೇಕು."

"ಸ್ಲಾಟ್ ಹೋಗಿರತ್ತೆ. ಬೋರ್ಡಿಗೆ ಏನೂ ಆಗಿಲ್ಲ. ಗ್ರಾಫಿಕ್ಸ್ ಸ್ಲಾಟಿಗೆ ಹಾಕ್ಕೊಳಿ."

ಇಷ್ಟು ಹೇಳಿ ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡ, ಹಾಗಾಗಿ ಸಂದರ್ಶನ ಮುಗಿಯಿತು. ಗಲ್ಲಾದವರು ಒಂದು ಬೋರ್ಡು, ಒಂದು ಕಾರ್ಡು ಮಾರುವ ಅವಕಾಶ ಕಣ್ಣೆದುರಿಗೇ ಹೋದದ್ದನ್ನು ನೋಡಿ ಹುಡುಗನ ಕಡೆ ತಿರುಗಿದರು. ನನಗೆ ಮುಜುಗರವಾಗಿ, ಬೇಕೋ ಬೇಡವೋ, ಬಯಾಸಿಗೆ ಹಾಕುವ ಸಿಆರ್2032 ಸೆಲ್ಲುಗಳ ಒಂದು ಪಟ್ಟಿಯನ್ನೇ ಕೊಂಡೆ. ಅವು ಇನ್ನೂ ಡ್ರಾಯರಿನಲ್ಲಿವೆ.

ಮನೆಗೆ ಬಂದು ಮದರ್‌ಬೋರ್ಡಿನ ಕೈಪಿಡಿ ಹುಡುಕಿದೆ. ಸ್ಲಾಟುಗಳನ್ನು ವರ್ಣಿಸುವ ಪುಟದ ಕೆಳಗೆ, ನಕ್ಷತ್ರದ ಗುರುತಿನ ಅಡಿಯಲ್ಲಿ, ಇರುವೆ ಸಾಲಿಗೂ ಕನ್ನಡಕ ಬೇಕಾಗುವಂಥ ಅಕ್ಷರದಲ್ಲಿ ಬರೆದಿತ್ತು: ಎಂ.2 ಜಾಗದಲ್ಲಿ ಪಿಸಿಐಇ ಡಿಸ್ಕ್, ಅಂದರೆ ಎನ್‌ವಿಎಂಇ, ಇಟ್ಟರೆ ಎರಡನೆಯ ಚಿಕ್ಕ ಸ್ಲಾಟ್ ಕೆಲಸ ಮಾಡುವುದಿಲ್ಲ. ಕಾರಣವೂ ಸರಳ. ಪಿಸಿಐಇ ಎನ್ನುವುದು ಲೇನುಗಳ ವ್ಯವಹಾರ. ಇಂಥ ಅಗ್ಗದ ಬೋರ್ಡಿನ ಚಿಪ್‌ಸೆಟ್ಟಿಗೆ ಇರುವುದೇ 6 ಲೇನು. ಅದರಲ್ಲೇ ಮೈಮೇಲಿನ ರಿಯಲ್‌ಟೆಕ್ಕಿಗೆ ಒಂದು ಹೋಗಬೇಕು, ಚಿಕ್ಕ ಸ್ಲಾಟುಗಳಿಗೆ ಹೋಗಬೇಕು, ಎಂ.2ಗೂ ಹೋಗಬೇಕು. ಸಾಲದು. ಆದ್ದರಿಂದ ತಯಾರಕರು ಒಂದು ಲೇನನ್ನು ಇಬ್ಬರಿಗೆ ಬರೆದಿಟ್ಟಿರುತ್ತಾರೆ. ಎಂ.2 ಖಾಲಿ ಇದ್ದಷ್ಟು ದಿನ ಸ್ಲಾಟಿನದು, ತುಂಬಿದ ದಿನ ಎಂ.2ನದು. ವಿದ್ಯುತ್ತಿನ ತಂತಿ ಮಾತ್ರ ಯಾರಿಗೂ ತಪ್ಪುವುದಿಲ್ಲ, ಅದಕ್ಕೇ ಹಸಿರು ದೀಪ. ಗ್ರಾಫಿಕ್ಸ್ ಕಾರ್ಡಿಗೆಂದು ಇಟ್ಟ ಉದ್ದ ಸ್ಲಾಟಿನ 16 ಲೇನುಗಳು ಚಿಪ್‌ಸೆಟ್ಟಿನ ಹಂಗಿಲ್ಲದೆ ನೇರ ಪ್ರಾಸೆಸರಿನಿಂದ ಬರುತ್ತವೆ. ಅಲ್ಲಿ ಒಂದು ಲೇನಿನ ಪುಟ್ಟ ಕಾರ್ಡು ಕೂತರೂ ಬೇಡ ಎನ್ನುವವರಿಲ್ಲ. ಉಳಿದ 15 ಲೇನು ಪೂರ್ತಿ ದಂಡ, ಆದರೆ ನಮ್ಮ ಪೆಟ್ಟಿಗೆಯಲ್ಲಿ ಅದಕ್ಕೆ ಬೇರೆ ಗಿರಾಕಿಯೂ ಇರಲಿಲ್ಲ.

ನಾಲ್ವರು ಆರೋಪಿಗಳಲ್ಲಿ ಎಸ್‌ಎಸ್‌ಡಿಯನ್ನು ಯಾರೂ ಮುಟ್ಟಿರಲಿಲ್ಲ. ಯಾಕೆ ಮುಟ್ಟುತ್ತಾರೆ? ಅದು ಚೆನ್ನಾಗಿ ಓಡುತ್ತಿತ್ತು. ಪೆಟ್ಟಿಗೆ ಮೊದಲಿಗಿಂತ ಎಷ್ಟೋ ಬೇಗ ಎದ್ದು, ಎಷ್ಟೋ ಬೇಗ ಕಾರ್ಡಿಲ್ಲ ಎಂದು ಹೇಳುತ್ತಿತ್ತು. ಧೂಳಿನ ಮೇಲೆ, ಅಕ್ಕಿಯ ಮೇಲೆ, ಕರೆಂಟಿನ ಮೇಲೆ ಹುಟ್ಟುವ ಸಂಶಯ ಕಣ್ಣೆದುರು ಸಲೀಸಾಗಿ ದುಡಿಯುವವನ ಮೇಲೆ ಹುಟ್ಟುವುದಿಲ್ಲ. ಭಾಮೈದನಿಗೆ ಫೋನ್ ಮಾಡಿದೆ. "ಅಯ್ಯೋ ಭಾವ, ಅದು ಮ್ಯಾನ್ಯುಯಲ್‌ನಲ್ಲೇ ಇರತ್ತಲ್ಲ," ಎಂದ.

ಭಾನುವಾರ ಊಟವಾದ ಮೇಲೆ ಕಾರ್ಡನ್ನು ಉದ್ದ ಸ್ಲಾಟಿಗೆ ಸಾಗಿಸಿದೆ. ಹಿಂಬದಿಯ ತಗಡು ಪಟ್ಟಿ ಅಲ್ಲಿ ಸ್ವಲ್ಪ ಒತ್ತುತ್ತಿತ್ತು, ಅದರ ತುದಿ ಒಳಗೆ ಹೋಗದೆ ಕ್ಯಾಬಿನೆಟ್ಟಿಗೆ ತಾಗಿ ನಿಂತರೆ ಕಾರ್ಡಿನ ಹಿಂಬದಿ ಕೂದಲೆಳೆಯಷ್ಟು ಮೇಲೇಳುತ್ತದೆ. ಕಾಣೆಯಾಗುವ ಕಾರ್ಡುಗಳಲ್ಲಿ ಎಷ್ಟೋ ಈ ಕಾರಣಕ್ಕೇ ಕಾಣೆಯಾಗುವುದು. ಪಟ್ಟಿಯ ತುದಿಯನ್ನು ಇಕ್ಕಳದಲ್ಲಿ ಒಂಚೂರು ಬಾಗಿಸಿ, ಕಟ್ ಎಂಬ ಸದ್ದು ಬರುವವರೆಗೆ ಒತ್ತಿದೆ. ಟಿ.ವಿ.ಯಲ್ಲಿ ಬಿಳೀ ಅಕ್ಷರಗಳು ಓಡಿದವು. 8086, 10ಡಿ3. ಹಾಜರ್. ಫ್ರೀಬಿಎಸ್‌ಡಿಯಲ್ಲಿ ಹೆಸರು ಡ್ರೈವರಿನ ಮೇಲೆ ಹೋಗುವುದರಿಂದ ಜಾಗ ಬದಲಾದರೂ ಇಎಂ0 ಇಎಂ0ನೇ ಆಗಿ ಉಳಿಯಿತು, ನಾನು ಒಂದಕ್ಷರ ತಿದ್ದಬೇಕಾಗಲಿಲ್ಲ. ಲಿನಕ್ಸ್ ಆಗಿದ್ದರೆ ಸ್ಲಾಟಿನ ನಂಬರೇ ಹೆಸರಿನೊಳಗೆ ಸೇರಿಕೊಂಡು ಇನ್ನೊಂದು ರಾಮಾಯಣವಾಗುತ್ತಿತ್ತು. ನೇರವಾಗಿ ಸಿಕ್ಕಿಸಿದ್ದ ತಂತಿ ಕಿತ್ತು ಪೆಟ್ಟಿಗೆಗೆ ಕೊಟ್ಟೆ. ಲಾಗ್ ತೆರೆದರೆ 23ನೇ ಪೋರ್ಟನ್ನು ತಟ್ಟುವವರು ಆಗಲೇ ಬಂದಿದ್ದರು. ಎದುರುಮನೆಯವರಿಗೆ ಗೇಟಿನಿಂದಲೇ ಸುದ್ದಿ ತಿಳಿಸಿದೆ. "ಉಜ್ಜಿದ್ದು ಎಲ್ಲಿಗೆ ಹೋಗತ್ತೆ," ಎಂದರು.

ಕಾಫಿ ಲೋಟ ಹಿಡಿದು ಲಾಗಿನ ಮೂರನೇ ಪುಟಕ್ಕೆ ಬಂದಿದ್ದೆ. ಒಳಗಿನಿಂದ ಕರೆ ಬಂತು.

"ಅಳಿಯಂದ್ರೇ, ಪಂಚಾಂಗ ಮತ್ತೆ ನಿಂತುಹೋಯ್ತು."

ಗೊತ್ತಿದ್ದದ್ದೇ. ಕೀಬೋರ್ಡು ಎಳೆದುಕೊಂಡು, ಆ ಆಪಿನವರು ಬಳಸುವ ಜಾಹೀರಾತು ಸರ್ವರಿನ ಹೆಸರು ಪತ್ತೆಮಾಡಿ, ಇದೊಂದಕ್ಕೆ ಅವಕಾಶ ಕೊಡು ಎಂಬ ಪಟ್ಟಿಗೆ ಸೇರಿಸಿದೆ. ಉಳಿಸು ಎಂಬ ಬಟನ್ ಒತ್ತುವುದೊಂದು ಬಾಕಿ. ಅತ್ತೆಯವರು ಪಕ್ಕದಲ್ಲೇ ನಿಂತು ನೋಡುತ್ತಿದ್ದವರು ಗೋಡೆಯ ಗಡಿಯಾರದ ಕಡೆ ತಿರುಗಿದರು. ಐದಕ್ಕೆ ಹತ್ತು ನಿಮಿಷವಿತ್ತು.

"ಇವತ್ತು ಭಾನುವಾರ ಅಲ್ವೇ? ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ," ಎಂದರು. "ಈಗ ಒತ್ತಬೇಡಿ. ಕಾಫಿ ಕುಡೀರಿ, ಆಮೇಲೆ ಮಾಡುವಿರಂತೆ."